ತಂತ್ರಾಂಶ ಹೋಗಲಿ, ಮಾತು ಉಳಿಯಲಿ

ಕಾಡುಗೋಡಿ ಎಂದರೆ ಇಂದಿನ ಬೆಂಗಳೂರಿಗರಿಗೆ ಮೆಟ್ರೊ ನೇರಳೆ ಮಾರ್ಗದ ಕೊನೆಯ ನಿಲ್ದಾಣ, ಐಟಿಪಿಎಲ್ ಕಡೆಗೆ ಹೊರಟ ಕ್ಯಾಬುಗಳ ಸಾಲು. ಈ ಸೀಮೆಯ ಸಾವಿರ ವರ್ಷ ಹಿಂದಿನ ಸುದ್ದಿಯೂ ನಮಗೆ ಸಿಗುತ್ತದೆ. ರಾಜೇಂದ್ರ ಚೋಳನ ಕಾಲದ, ಕ್ರಿ.ಶ. 1043ರ ತಮಿಳು ಶಾಸನವೊಂದು ರಾಜರಾಜ ವೇಳಾನ್ ಎಂಬಾತ ಪಟ್ಟಂದೂರಿನ ಕೆರೆ ಕಟ್ಟಿಸಿ, ತೂಬುಗಳನ್ನು ಇಡಿಸಿ, ದೇವರುಗಳನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುತ್ತದೆ. ಕಲ್ಲು ಗಟ್ಟಿಯಾದ್ದರಿಂದ ಆ ಮಾತು ಉಳಿಯಿತು ಎಂದರೆ ಅದು ಅರ್ಧ ಸತ್ಯ. ಅದು ಉಳಿಯಲು ಇನ್ನೂ ಎರಡು ಕಾರಣಗಳಿವೆ. ಚೋಳರ ಕಾಲದ ಲಿಪಿಯನ್ನು ಓದಬಲ್ಲವರು ಮುಂದೆಯೂ ಇದ್ದರು. ಹಾಗೆ ಓದಿದ್ದನ್ನು ಬೇರೆ ಕಡೆ ನಕಲು ಮಾಡಿಟ್ಟವರೂ ಇದ್ದರು. ಬೆಂಗಳೂರು ಜಿಲ್ಲೆಯ ಶಾಸನಗಳಿಗಾಗಿಯೇ ಬಿ.ಎಲ್. ರೈಸ್ ಮೀಸಲಿಟ್ಟ ಎಪಿಗ್ರಾಫಿಯ ಕರ್ನಾಟಿಕದ 9ನೇ ಸಂಪುಟ 1905ರಲ್ಲಿ ಅಚ್ಚಾಯಿತು. ಅದರಲ್ಲಿರುವ ಎಷ್ಟೋ ಕಲ್ಲುಗಳು ಮುಂದೆ ರಸ್ತೆಗೆ, ಲೇಔಟಿಗೆ, ಮನೆಯ ತಳಪಾಯಕ್ಕೆ ಹೋದವು. ಕಲ್ಲು ಹೋದರೂ ಪಾಠ ಪುಸ್ತಕದಲ್ಲಿ ಉಳಿಯಿತು. ಉಳಿದಿರುವ ಕಲ್ಲುಗಳನ್ನು ಮಿಥಿಕ್ ಸೊಸೈಟಿಯ ತಂಡ 2021ರಿಂದ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಒಂದು ಮಾತು ಕಾಲವನ್ನು ದಾಟಬೇಕಾದರೆ ಅದು ಕೂತ ವಸ್ತು ಗಟ್ಟಿಯಿದ್ದರೆ ಸಾಲದು, ಅದನ್ನು ಓದುವ ಬಗೆ ಗೊತ್ತಿರಬೇಕು, ಅದರ ನಕಲು ಬೇರೊಂದು ಕಡೆ ಇರಬೇಕು.

ಅದೇ ಪಟ್ಟಂದೂರು ಅಗ್ರಹಾರ ಕೆರೆಯ ಒತ್ತುವರಿಯ ವಿರುದ್ಧ 2010ರ ದಶಕದಲ್ಲಿ ಸ್ಥಳೀಯರು ದನಿ ಎತ್ತಿದರು. ಕೆರೆಯ ಗಡಿ ಎಲ್ಲಿ, ರಾಜಕಾಲುವೆ ಯಾವ ದಿಕ್ಕಿಗೆ ಹರಿಯುತ್ತಿತ್ತು, ರಾತ್ರೋರಾತ್ರಿ ಮಣ್ಣು ಸುರಿಯುವವರು ಯಾರು ಎಂಬಂಥ ಚರ್ಚೆಗಳು ಇಂದು ನಡೆಯುವುದು ಫೇಸ್‌ಬುಕ್ಕಿನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಕೆರೆ ಕಟ್ಟಿದ ಸುದ್ದಿ ಸಾವಿರ ವರ್ಷ ಉಳಿದಿದೆ. ಕೆರೆ ಉಳಿಸಿಕೊಳ್ಳಲು ಜನ ಆಡಿದ ಮಾತು ಇಪ್ಪತ್ತು ವರ್ಷ ಉಳಿದೀತೆಂದು ಯಾರೂ ಭರವಸೆ ಕೊಡುವಂತಿಲ್ಲ. ಇದು ಒಂದು ಕೆರೆಯ ಕಥೆ ಮಾತ್ರವೂ ಅಲ್ಲ. ಕಂಪ್ಯೂಟರಿನ ಮೇಲೆ ಕನ್ನಡಿಗರು ಒಬ್ಬರೊಡನೊಬ್ಬರು ಮಾತಾಡತೊಡಗಿ ಮೂವತ್ತು ವರ್ಷ ದಾಟಿದೆ. ಹೊರದೇಶದಲ್ಲಿದ್ದವರು ಯೂಸ್‌ನೆಟ್ ಎಂಬ ಚರ್ಚಾಜಾಲದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದರು. ಯು.ಬಿ. ಪವನಜ ಅವರ ವಿಶ್ವಕನ್ನಡ ಜಾಲಪತ್ರಿಕೆ 1996ರಲ್ಲಿ ಬಂತು. ಯಾಹೂ ಗುಂಪುಗಳು ಬಂದವು, ಆರ್ಕುಟ್ ಬಂತು, 2005ರಲ್ಲಿ ಹರಿಪ್ರಸಾದ್ ನಾಡಿಗ್ ಆರಂಭಿಸಿದ ಸಂಪದ ತಾಣ ಬಂತು. ಪದಗಳ ಅರ್ಥ, ಊರಿನ ಇತಿಹಾಸ, ಅಡುಗೆ, ತಂತ್ರಜ್ಞಾನ, ಸಾಹಿತ್ಯದ ಜಗಳ ಎಲ್ಲವೂ ಅಲ್ಲಿ ನಡೆದವು. ಈ ಅಧ್ಯಾಯದಲ್ಲಿ ನಾನು ಮಂಡಿಸುವ ವಾದ ಸರಳವಾದದ್ದು: ಹಳೆಯ ತಂತ್ರಾಂಶಕ್ಕೆ ನಿವೃತ್ತಿ ಕೊಡುವುದು ಸರಿ, ಆದರೆ ಅದರೊಳಗಿನ ಮಾತಿಗೂ ನಿವೃತ್ತಿ ಕೊಡಬೇಕಾಗಿಲ್ಲ. ಮಾತನ್ನು ಉಳಿಸಲು ತಂತ್ರಾಂಶವನ್ನೇ ಉಳಿಸಬೇಕೆಂಬುದು ತಪ್ಪು ತಿಳಿವಳಿಕೆ. ಉಳಿಸಬೇಕಾದ್ದು ಮೂರು: ಅಕ್ಷರ, ಅಕ್ಷರವನ್ನು ಓದುವ ಕೋಷ್ಟಕ, ಮಾತಿಗೂ ಮಾತಿಗೂ ಇರುವ ನಂಟು. ಈ ಮೂರನ್ನೂ ತಂತ್ರಾಂಶ ಓಡುತ್ತಿರುವಾಗಲೇ ಹೊರತೆಗೆಯಬೇಕು. ಅದು ನಿಂತ ಮೇಲೆ ಕೆಲಸ ಹತ್ತು ಪಟ್ಟು ಕಷ್ಟ, ಕೆಲವೊಮ್ಮೆ ಅಸಾಧ್ಯ.

ಮೊದಲು ತಂತ್ರಾಂಶಕ್ಕೆ ವಯಸ್ಸಾಗುವುದು ಯಾಕೆಂದು ನೋಡೋಣ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ತಂತ್ರಾಂಶ ತನ್ನಷ್ಟಕ್ಕೆ ಸವೆಯುವುದಿಲ್ಲ, ಹತ್ತು ವರ್ಷದ ಹಿಂದಿನ ಪ್ರೋಗ್ರಾಮಿನ ಒಂದು ಸಾಲೂ ಬದಲಾಗಿರುವುದಿಲ್ಲ. ಬದಲಾಗುವುದು ಸುತ್ತಲಿನ ಜಗತ್ತು. ಹಳೆಯ ಕೋಡಿನಲ್ಲಿ ಹೊಸ ಹೊಸ ಭದ್ರತಾ ದೋಷಗಳು ಬೆಳಕಿಗೆ ಬರುತ್ತವೆ, ಅದನ್ನು ಬರೆದವರು ಒಂದು ದಿನ ತೇಪೆ ಹಾಕುವುದನ್ನು ನಿಲ್ಲಿಸುತ್ತಾರೆ. ಸಂಪದದಂಥ ಅನೇಕ ಸಮುದಾಯ ತಾಣಗಳಿಗೆ ಆಸರೆಯಾಗಿದ್ದ ಡ್ರೂಪಲ್‌ನ 6ನೇ ಆವೃತ್ತಿಗೆ ಅಧಿಕೃತ ಬೆಂಬಲ 2016ರ ಫೆಬ್ರುವರಿಯಲ್ಲಿ ಮುಗಿಯಿತು. 2011ರಲ್ಲಿ ಬಂದ 7ನೇ ಆವೃತ್ತಿಗೆ ಅದು 2025ರ ಜನವರಿ 5ರಂದು ಮುಗಿಯಿತು. ಅಂಥ ತಂತ್ರಾಂಶವನ್ನು ಅಂತರಜಾಲಕ್ಕೆ ತೆರೆದಿಟ್ಟರೆ ಕನ್ನ ಹಾಕುವವರು ಒಳಹೊಕ್ಕು ಓದುಗರ ಪಾಸ್‌ವರ್ಡ್ ಕದಿಯಬಹುದು, ಸರ್ವರನ್ನು ಬೇರೆಯವರ ಮೇಲಿನ ದಾಳಿಗೆ ಬಳಸಬಹುದು. ಹೀಗಾಗಿ ವೈಟ್‌ಫೀಲ್ಡಿನ ಯಾವುದೇ ಕಚೇರಿಯ ಎಂಜಿನಿಯರನ್ನು ಕೇಳಿದರೂ ಬೆಂಬಲ ಮುಗಿದ ತಂತ್ರಾಂಶವನ್ನು ಮುಚ್ಚಿ ಎಂದೇ ಹೇಳುತ್ತಾರೆ. ಅವರು ಹೇಳುವುದು ಸರಿ. ಪ್ರಶ್ನೆ ಇರುವುದು ಮುಚ್ಚುವ ಮುಂಚಿನ ವಾರಗಳಲ್ಲಿ ಏನು ಮಾಡುತ್ತೇವೆ ಎಂಬುದರಲ್ಲಿ.

ಪರದೆಯ ಮೇಲೆ ಒಂದು ಚರ್ಚೆ ಬಣ್ಣದ ಪಟ್ಟಿ, ಹೆಸರು, ಚಿತ್ರಗಳೊಂದಿಗೆ ಕಾಣುತ್ತದೆ. ಒಳಗೆ ಅದು ಡೇಟಾಬೇಸಿನ ಕೋಷ್ಟಕದಲ್ಲಿರುವ ಕೆಲವು ಸಾಲುಗಳು ಅಷ್ಟೆ. ಒಂದೊಂದು ಸಾಲಿನಲ್ಲೂ ಸಾಮಾನ್ಯವಾಗಿ ಐದು ಸಂಗತಿಗಳಿರುತ್ತವೆ: ಈ ಮಾತಿನ ಕ್ರಮಸಂಖ್ಯೆ, ಇದು ಯಾವ ಮಾತಿಗೆ ಉತ್ತರವೋ ಅದರ ಕ್ರಮಸಂಖ್ಯೆ, ಬರೆದವರ ಗುರುತು, ಬರೆದ ಹೊತ್ತು, ಬರೆದ ಪಠ್ಯ. ಬಣ್ಣ, ಅಂಚು, ಗುಂಡಿಗಳನ್ನು ತಂತ್ರಾಂಶ ಪ್ರತಿ ಸಲವೂ ಹೊಸದಾಗಿ ಬಿಡಿಸುತ್ತದೆ. ಆದ್ದರಿಂದ ತಂತ್ರಾಂಶ ಹೋದರೆ ಹೋಗುವುದು ಬಿಡಿಸುವ ಕೈ ಮಾತ್ರ. ಆ ಐದು ಸಂಗತಿಗಳನ್ನು ಸರಳ ಪಠ್ಯ ಕಡತಕ್ಕೆ ಇಳಿಸಿಕೊಂಡರೆ ಚರ್ಚೆಯ ಜೀವ ಉಳಿದಂತೆ. ಕೇಳಲು ಇಷ್ಟು ಸುಲಭವಾದ ಕೆಲಸ ಕೆಡುವುದು ಎರಡು ಜಾಗಗಳಲ್ಲಿ. ಐದನೆಯ ಸಂಗತಿಯಾದ ಪಠ್ಯ ಓದಲು ಬಾರದ ಸ್ಥಿತಿಗೆ ಹೋಗಬಹುದು, ಇಲ್ಲವೇ ಎರಡನೆಯದಾದ ನಂಟು ಬಿಟ್ಟುಹೋಗಬಹುದು. ಪಠ್ಯ ಕೆಡುವ ಅಪಾಯ ಇಂಗ್ಲಿಷಿಗಿಂತ ಕನ್ನಡಕ್ಕೆ ಬಹಳ ಹೆಚ್ಚು, ಆದ್ದರಿಂದ ಮೊದಲು ಅದನ್ನೇ ಬಿಡಿಸಿ ನೋಡಬೇಕು.

ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾವ ಅಕ್ಷರ ಎಂಬುದಕ್ಕೆ ಒಪ್ಪಂದವೊಂದು ಬೇಕು. ಕನ್ನಡಕ್ಕೆ ಜಾಗತಿಕ ಒಪ್ಪಂದ 1991ರಲ್ಲೇ, ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಸಿಕ್ಕಿತು. ಆದರೆ ಅದನ್ನು ಬಳಸಬಲ್ಲ ಕಂಪ್ಯೂಟರುಗಳು ಜನರ ಕೈಗೆ ಬರಲು 2001ರ ವಿಂಡೋಸ್ ಎಕ್ಸ್‌ಪಿಯವರೆಗೆ ಕಾಯಬೇಕಾಯಿತು, ರೂಢಿಯಾಗಲು ಇನ್ನೂ ಹಲವು ವರ್ಷ ಹಿಡಿಯಿತು. ಆ ನಡುವೆ ಕನ್ನಡ ಸುಮ್ಮನೆ ಕೂರಲಿಲ್ಲ. ಕೆ.ಪಿ. ರಾವ್ ಕನ್ನಡಕ್ಕೆ ಒಗ್ಗುವ ಕೀಲಿಮಣೆ ವಿನ್ಯಾಸ ಕೊಟ್ಟರು, ಶೇಷಾದ್ರಿವಾಸು 1998ರಲ್ಲಿ ಬರಹ ತಂತ್ರಾಂಶ ಹೊರತಂದರು, ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿತು, ಅಚ್ಚಿನ ಮನೆಗಳಲ್ಲಿ ಶ್ರೀಲಿಪಿ ಓಡುತ್ತಿತ್ತು. ಆ ಕಾಲದ ಫಾಂಟುಗಳೆಲ್ಲ ಒಂದು ಉಪಾಯದ ಮೇಲೆ ನಿಂತಿದ್ದವು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗಾಗಿ ಇದ್ದ 256 ಮನೆಗಳಲ್ಲೇ ಕನ್ನಡ ಅಕ್ಷರಗಳ ಚೂರುಗಳನ್ನು ಚಿತ್ರದಂತೆ ಕೂರಿಸುವುದು. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷ್ ಪಠ್ಯ, ಫಾಂಟ್ ಹಾಕಿದಾಗ ಮಾತ್ರ ಕಣ್ಣಿಗೆ ಕನ್ನಡ. ಆಗ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ, ಈ ಉಪಾಯದಿಂದಲೇ ಕನ್ನಡ ಕಂಪ್ಯೂಟರಿನಲ್ಲಿ ಬದುಕಿಕೊಂಡಿತು.

‘ಕನ್ನಡ’ ಎಂಬ ಒಂದೇ ಪದವನ್ನು ಹತ್ತಿರದಿಂದ ನೋಡಿ. ನುಡಿ ಮತ್ತು ಬರಹದ ಹಳೆಯ ಫಾಂಟ್ ಸಂಕೇತದಲ್ಲಿ ಅದು ಏಳು ಸಂಖ್ಯೆಗಳು: 80, 192, 163, 192, 223, 113, 192. ಮೊದಲನೆಯದು ತಲೆಕಟ್ಟಿಲ್ಲದ ಕ, ಎರಡನೆಯದು ತಲೆಕಟ್ಟು. ಮುಂದೆ ತಲೆಕಟ್ಟಿಲ್ಲದ ನ, ಮತ್ತೆ ತಲೆಕಟ್ಟು, ಆಮೇಲೆ ನ-ಒತ್ತು, ತಲೆಕಟ್ಟಿಲ್ಲದ ಡ, ಕೊನೆಗೆ ಇನ್ನೊಂದು ತಲೆಕಟ್ಟು. ಫಾಂಟ್ ಇಲ್ಲದ ಯಂತ್ರದಲ್ಲಿ ಈ ಸಾಲು ಇಂಗ್ಲಿಷಿನ ಪಿ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ನರ ಒಂದು ಅಕ್ಷರ, ಇಂಗ್ಲಿಷಿನ ಕ್ಯೂ, ನಡುನಡುವೆ ಮೇಲೆ ಗೀಟು ಎಳೆದ ಎ ಆಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಅದೇ ಪದಕ್ಕೆ ಐದು ಸಂಕೇತ ಸಾಕು: ಕ, ನ, ವಿರಾಮ ಚಿಹ್ನೆ (್), ನ, ಡ. ಹಳೆಯದು ಅಕ್ಷರದ ಆಕಾರವನ್ನು ಹಿಡಿದಿಡುತ್ತದೆ, ಹೊಸದು ಉಚ್ಚಾರದ ಕ್ರಮವನ್ನು. ಇಲ್ಲಿಯೇ ಪರಿವರ್ತನೆಯ ತೊಡಕುಗಳಿವೆ. ಹಳೆಯ ಸಂಕೇತದಲ್ಲಿ ಮ ಎಂಬುದಕ್ಕೆ ಸ್ವಂತ ಆಕಾರವಿಲ್ಲ. ವ-ದ ಆಕಾರ, ತಲೆಕಟ್ಟು, ಮೇಲೊಂದು ಕೊಂಬು ಸೇರಿ ಅದು ಮ ಆಗುತ್ತದೆ. ವು ಬರೆಯುವಾಗ ಅದೇ ಆಕಾರಕ್ಕೆ ಬೇರೆ ಸಂಖ್ಯೆಯ ಕೊಂಬು ಹತ್ತುತ್ತದೆ. ಈ ವ್ಯತ್ಯಾಸ ತಿಳಿಯದ ಪರಿವರ್ತಕ ಪುಟದ ತುಂಬ ಮ-ವ ಅದಲುಬದಲು ಮಾಡುತ್ತದೆ. ‘ಧರ್ಮ’ದ ಅರ್ಕಾವತ್ತು ಹಳೆಯ ಕಡತದಲ್ಲಿ ಮ-ದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಒಂದಕ್ಕೊಂದು ಬದಲಿಸಿದರೆ ಸಾಲದು, ಹಿಂದೆ ಹೋಗಿ ಜಾಗವನ್ನೂ ತಿರುಗಿಸಬೇಕು.

ಇಷ್ಟಾದರೂ ಇವೆಲ್ಲ ಬಿಡಿಸಬಹುದಾದ ಗಂಟುಗಳು. ನಿಯಮಗಳನ್ನು ಬರೆದಿಟ್ಟರೆ ಯಂತ್ರವೇ ಲಕ್ಷಾಂತರ ಪುಟಗಳನ್ನು ಪರಿವರ್ತಿಸುತ್ತದೆ. ಕನ್ನಡದ ಉತ್ಸಾಹಿ ತಂತ್ರಜ್ಞರು ಅಂಥ ಪರಿವರ್ತಕಗಳನ್ನು ಬರೆದು ಉಚಿತವಾಗಿ ಕೊಟ್ಟಿದ್ದಾರೆ. ವಚನ ಸಂಚಯ ಯೋಜನೆಯಲ್ಲಿ ಹಳೆಯ ಸಂಕೇತದಲ್ಲಿದ್ದ ವಚನಗಳು ಯೂನಿಕೋಡಿಗೆ ಬಂದು, ಯಾವ ಪದ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆಯೆಂದು ಯಾರು ಬೇಕಾದರೂ ಹುಡುಕಿ ನೋಡುವಂತಾಯಿತು. ಅದು ಸಾಧ್ಯವಾದದ್ದು ಹಳೆಯ ಕಡತದಲ್ಲಿ ಸಂಖ್ಯೆಗಳು ಕೆಡದೆ ಉಳಿದಿದ್ದವು, ಯಾವ ಸಂಖ್ಯೆ ಯಾವ ಆಕಾರ ಎಂಬ ಕೋಷ್ಟಕವೂ ಗೊತ್ತಿತ್ತು ಎಂಬ ಕಾರಣದಿಂದ. ಈ ಎರಡರಲ್ಲಿ ಯಾವುದು ತಪ್ಪಿದರೂ ಕೆಲಸ ನಿಲ್ಲುತ್ತಿತ್ತು. ಹಳೆಯ ಫಾಂಟ್ ಕಡತವನ್ನು ‘ಇನ್ನೇನು ಉಪಯೋಗ’ ಎಂದು ಅಳಿಸುವುದು ಶಾಸನ ಇಟ್ಟುಕೊಂಡು ಲಿಪಿಯನ್ನು ಮರೆತಷ್ಟೇ ದೊಡ್ಡ ನಷ್ಟ.

ಯೂನಿಕೋಡ್ ಬಂದ ಮೇಲೆ ಬರೆದದ್ದೆಲ್ಲ ಸುರಕ್ಷಿತ ಎಂದುಕೊಳ್ಳುವವರಿದ್ದಾರೆ. ಅಲ್ಲೂ ಒಂದು ಗುಂಡಿಯಿದೆ. ಯೂನಿಕೋಡ್ ಪಠ್ಯವನ್ನು ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದಿಡುವಾಗ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟು ತೆಗೆದುಕೊಳ್ಳುತ್ತದೆ, ಕ ಎಂದರೆ 224, 178, 149. ಅನೇಕ ಸಮುದಾಯ ತಾಣಗಳು ಬಳಸಿದ ಮೈಎಸ್‌ಕ್ಯೂಎಲ್ ಡೇಟಾಬೇಸ್ 2018ರ 8ನೇ ಆವೃತ್ತಿ ಬರುವವರೆಗೂ ಬೇರೆ ಏನೂ ಹೇಳದಿದ್ದರೆ ತನ್ನೊಳಗಿನ ಪಠ್ಯವನ್ನು ಐರೋಪ್ಯ ಲ್ಯಾಟಿನ್ ಎಂದೇ ಭಾವಿಸುತ್ತಿತ್ತು. ಕನ್ನಡದ ಬೈಟುಗಳು ಲ್ಯಾಟಿನ್ ಹಣೆಪಟ್ಟಿ ಹೊತ್ತು ಅಲ್ಲಿ ಕೂತವು. ಹಳೆಯ ತಂತ್ರಾಂಶ ಹಾಕುವಾಗಲೂ ತೆಗೆಯುವಾಗಲೂ ಅದೇ ತಪ್ಪು ಮಾಡುತ್ತಿದ್ದುದರಿಂದ ಪರದೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತಿತ್ತು. ಹೊಸ ತಂತ್ರಾಂಶ ಹಣೆಪಟ್ಟಿಯನ್ನು ನಂಬಿ, ‘ಲ್ಯಾಟಿನ್’ ಅನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಒಂದೊಂದು ಅಕ್ಷರದ ಜಾಗದಲ್ಲಿ ಮೂರು ವಿಚಿತ್ರ ಗುರುತುಗಳು ಏಳುತ್ತವೆ. ಕಂಡವರು ಎಲ್ಲ ಹಾಳಾಯಿತೆಂದು ಕೈಚೆಲ್ಲುತ್ತಾರೆ. ನಿಜವಾಗಿ ಅಲ್ಲಿ ಏನೂ ಕಳೆದಿಲ್ಲ. ಒಂದು ಸಂಖ್ಯೆಗೆ ಒಂದೇ ಗುರುತು ಎಂಬ ನಿಯಮ ಮುರಿಯದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಕನ್ನಡವನ್ನು ಮರಳಿ ಪಡೆಯಬಹುದು.

ಮರಳಿ ಪಡೆಯಲಾಗದ ನಷ್ಟವೂ ಇದೆ. ಕನ್ನಡವನ್ನೇ ಅರಿಯದ ಸಂಕೇತ ಪಟ್ಟಿಯ ಮೂಲಕ ಪಠ್ಯ ಹಾದುಹೋದಾಗ ಕೆಲವು ತಂತ್ರಾಂಶಗಳು ಗೊತ್ತಿಲ್ಲದ ಪ್ರತಿ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಇಡುತ್ತವೆ. ಕ-ವೂ ಪ್ರಶ್ನೆ, ನ-ವೂ ಪ್ರಶ್ನೆ, ಡ-ವೂ ಪ್ರಶ್ನೆ. ಬೇರೆ ಬೇರೆಯಾಗಿದ್ದವು ಒಂದೇ ಆದ ಮೇಲೆ ಅವನ್ನು ಮತ್ತೆ ಬಿಡಿಸುವ ಗಣಿತ ಜಗತ್ತಿನಲ್ಲಿಲ್ಲ. ಇನ್ನೂ ಸೂಕ್ಷ್ಮವಾದ ಹಾನಿಯೊಂದಿದೆ. ಕನ್ನಡದ ವಿರಾಮ ಚಿಹ್ನೆಯ ಮೂರನೆಯ ಬೈಟು 141. ವಿಂಡೋಸ್‌ನ ಲ್ಯಾಟಿನ್ ಪಟ್ಟಿಯಲ್ಲಿ 141ನೇ ಮನೆ ಖಾಲಿ. ಖಾಲಿ ಮನೆಯನ್ನು ಬಿಟ್ಟು ಮುಂದೆ ಹೋಗುವ ಸಾಧನದ ಕೈಗೆ ಸಿಕ್ಕಿದ ಪಠ್ಯದಲ್ಲಿ ಬಹುಪಾಲು ಅಕ್ಷರ ಉಳಿಯುತ್ತವೆ, ಆದರೆ ಒತ್ತಕ್ಷರಗಳನ್ನು ಕಟ್ಟುವ ವಿರಾಮ ಒಡೆದುಹೋಗುತ್ತದೆ. ಕನ್ನಡದಲ್ಲಿ ಒತ್ತಕ್ಷರವಿಲ್ಲದ ವಾಕ್ಯ ಅಪರೂಪ. ಆದ್ದರಿಂದ ತಂತ್ರಾಂಶ ಬದಲಿಸುವವರು ಕೊನೆಯ ಒಪ್ಪಿಗೆ ಹಾಕುವ ಮುನ್ನ ಇಂಗ್ಲಿಷ್ ಪುಟವನ್ನು ತೆರೆದು ನೋಡಿದರೆ ಏನೂ ತಿಳಿಯುವುದಿಲ್ಲ. ಒತ್ತು, ಅರ್ಕಾವತ್ತು, ದೀರ್ಘ ಎಲ್ಲ ಇರುವ ಕನ್ನಡ ಪುಟಗಳನ್ನು ಕನ್ನಡ ಓದಬಲ್ಲವರೇ ಹಳೆಯದರ ಪಕ್ಕ ಇಟ್ಟು ಓದಬೇಕು. ಹಳೆಯ ಡೇಟಾಬೇಸಿನ ಕಚ್ಚಾ ನಕಲನ್ನು, ಕೆಟ್ಟಿದೆಯೆಂದು ತೋರಿದರೂ, ಎಸೆಯಬಾರದು.

ಅಕ್ಷರ ಉಳಿಯಿತು ಎಂದುಕೊಳ್ಳೋಣ. ನಂಟು ಉಳಿಯದಿದ್ದರೆ ಅದು ಚರ್ಚೆಯಾಗಿ ಉಳಿಯುವುದಿಲ್ಲ. ‘ಇಲ್ಲ, ನಮ್ಮ ಕಡೆ ಹಾಗೆ ಅನ್ನುವುದಿಲ್ಲ’ ಎಂಬ ಉತ್ತರ ಯಾವ ಪದದ ಬಗ್ಗೆ, ಯಾವ ಊರಿನವರು ಕೇಳಿದ ಪ್ರಶ್ನೆಗೆ ಬಂದದ್ದೆಂದು ತಿಳಿಯದಿದ್ದರೆ ಅದು ಬರೀ ಸದ್ದು. ಪ್ರಬಂಧ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ಚರ್ಚೆಯ ಮಾತು ಹಿಂದಿನ ಮಾತಿನ ಹೆಗಲ ಮೇಲೆ ಕೈಯಿಟ್ಟು ನಿಲ್ಲುತ್ತದೆ. ಅದಕ್ಕೇ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ, ಪ್ರಿಂಟ್ ಹಾಕಿಟ್ಟರೆ ಸಾಕು ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಚಿತ್ರದಲ್ಲಿ ಹುಡುಕಲಾಗದು, ಚಿತ್ರದಿಂದ ಕನ್ನಡ ಪಠ್ಯ ಎತ್ತುವ ಸಾಧನಗಳು ಇಂದಿಗೂ ತಪ್ಪು ಮಾಡುತ್ತವೆ, ಪರದೆಯಲ್ಲಿ ಹಿಡಿಸಿದಷ್ಟೇ ಚಿತ್ರಕ್ಕೆ ಬರುತ್ತದೆ. ವಾಟ್ಸ್‌ಆ್ಯಪ್ ತಾನೇ ಕೊಡುವ ಸೌಲಭ್ಯದಿಂದ ಗುಂಪಿನ ಮಾತುಗಳನ್ನು ಪಠ್ಯ ಕಡತವಾಗಿ ಹೊರತೆಗೆಯಬಹುದು. ಆದರೆ ಯಾವ ಮಾತನ್ನು ಹಿಡಿದು ಯಾರು ಉತ್ತರಿಸಿದರು ಎಂಬ ನಂಟು ಆ ಕಡತದಲ್ಲಿ ಬರುವುದಿಲ್ಲ. ಏನೂ ಇಲ್ಲದ್ದಕ್ಕಿಂತ ಅದು ಮೇಲು. ಪೂರ್ಣವೆಂದು ಮಾತ್ರ ಭ್ರಮಿಸಬಾರದು.

ಮುಚ್ಚುವ ಮುನ್ನ ಹೊರತೆಗೆಯಬೇಕು ಎಂಬ ಮಾತಿಗೆ ಇತಿಹಾಸದ ಪುರಾವೆ ಸಾಕಷ್ಟಿದೆ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿದ್ದ ಹೆನ್ರಿ ಸ್ಪೆನ್ಸರ್ 1981ರಿಂದ ಹತ್ತು ವರ್ಷ ಯೂಸ್‌ನೆಟ್‌ನ ಚರ್ಚೆಗಳನ್ನು ಮ್ಯಾಗ್ನೆಟಿಕ್ ಟೇಪುಗಳಿಗೆ ಇಳಿಸುತ್ತ ಹೋದರು. ಒಟ್ಟು 141 ಟೇಪುಗಳು, ಸುಮಾರು 20 ಲಕ್ಷ ಮಾತುಗಳು. 2001ರಲ್ಲಿ ಗೂಗಲ್ ಯೂಸ್‌ನೆಟ್‌ನ ಇಪ್ಪತ್ತು ವರ್ಷದ ಸಂಗ್ರಹವನ್ನು ತೆರೆದಿಟ್ಟಾಗ ಮೊದಲ ದಶಕ ಸಿಕ್ಕಿದ್ದು ಮುಖ್ಯವಾಗಿ ಈ ಟೇಪುಗಳಿಂದ. ಅಂತರಜಾಲದ ಆರಂಭದ ದಿನಗಳ ಬಗ್ಗೆ ಇತಿಹಾಸಕಾರರಿಗೆ ಇಂದು ಆಧಾರ ಇರುವುದು ಒಬ್ಬ ವ್ಯಕ್ತಿಗೆ ಅಳಿಸಲು ಮನಸ್ಸು ಬಾರದಿದ್ದರಿಂದ. ಇದಕ್ಕೆ ವಿರುದ್ಧವಾದದ್ದು ಆರ್ಕುಟ್‌ನ ಕಥೆ. 2004ರಲ್ಲಿ ಬಂದ ಆರ್ಕುಟ್ ಬ್ರೆಜಿಲ್ ಬಿಟ್ಟರೆ ಭಾರತದಲ್ಲೇ ಹೆಚ್ಚು ಬೆಳೆಯಿತು, ಕನ್ನಡದ ಹೆಸರಿನ ಸಮುದಾಯಗಳೂ ಅಲ್ಲಿದ್ದವು. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಸಮುದಾಯಗಳ ಸಾರ್ವಜನಿಕ ಚರ್ಚೆಗಳನ್ನು ಅದರ ಒಡೆಯ ಗೂಗಲ್ ಕೆಲಕಾಲ ಓದಲು ಇಟ್ಟಿತ್ತು, ಮುಂದೆ ಅದೂ ಇಲ್ಲವಾಯಿತು. ಯಾಹೂ ಗುಂಪುಗಳ ವಿಷಯದಲ್ಲಿ 2019ರ ಅಕ್ಟೋಬರಿನಲ್ಲಿ ಪ್ರಕಟಣೆ ಬಂತು, ಮಾತುಗಳನ್ನು ಇಳಿಸಿಕೊಳ್ಳಲು ಸಿಕ್ಕಿದ್ದು ಕೆಲವೇ ತಿಂಗಳು, 2020ರ ಡಿಸೆಂಬರಿನಲ್ಲಿ ಸೇವೆಯೇ ನಿಂತಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಬಳಗ ಕೈಲಾದಷ್ಟನ್ನು ಬಾಚಿಕೊಂಡಿತು. 2009ರಲ್ಲಿ ಜಿಯೋಸಿಟೀಸ್ ಎಂಬ ಜಾಲಪುಟಗಳ ಸೇವೆ ಮುಚ್ಚಿದಾಗಲೂ ಆ ಬಳಗವೇ ಸುಮಾರು 640 ಗಿಗಾಬೈಟಿನಷ್ಟು ಪುಟಗಳನ್ನು ಉಳಿಸಿತ್ತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿದ್ದ ಪುಟಗಳಲ್ಲಿ ಶೇ 38ರಷ್ಟು ಹತ್ತೇ ವರ್ಷದಲ್ಲಿ ಸಿಗದಂತಾಗಿದ್ದವು.

ಈ ವಾದಕ್ಕೆ ಆಕ್ಷೇಪಗಳಿವೆ. ಹರಟೆಯನ್ನೆಲ್ಲ ಕಾಪಾಡಿ ಏನು ಪ್ರಯೋಜನ, ಮರೆವೂ ಮನುಷ್ಯನಿಗೆ ಬೇಕಾದದ್ದೇ ಅಲ್ಲವೆ ಎಂಬುದು ಮೊದಲನೆಯದು. ಎಲ್ಲವೂ ಸಮಾನ ಬೆಲೆಯದ್ದಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಯಾವುದಕ್ಕೆ ಬೆಲೆ ಎಂದು ಇಂದು ನಿರ್ಧರಿಸುವ ಶಕ್ತಿ ನಮಗಿಲ್ಲ. ದಾನದ ಭೂಮಿಯ ಗಡಿ ಗುರುತಿಸಲು ಕಲ್ಲು ಕೆತ್ತಿಸಿದವರಿಗೆ ತಾವು ಭಾಷಾವಿಜ್ಞಾನಿಗಳಿಗೆ ಸಾಮಗ್ರಿ ಒದಗಿಸುತ್ತಿದ್ದೇವೆಂಬ ಅರಿವಿರಲಿಲ್ಲ. ಪುಸ್ತಕದ ಕನ್ನಡ ಹೇಗಿತ್ತೆಂದು ತಿಳಿಯಲು ಗ್ರಂಥಾಲಯವಿದೆ. 2006ರಲ್ಲಿ ಧಾರವಾಡದವರೂ ಮಂಗಳೂರಿನವರೂ ಕಾಸರಗೋಡಿನವರೂ ಒಂದೇ ಜಾಗದಲ್ಲಿ ಕೂತು ಹೇಗೆ ವಾದಿಸುತ್ತಿದ್ದರು, ಯಾವ ಹೊಸ ಪದ ಕಟ್ಟಿದರು, ಯಾವುದನ್ನು ತಿರಸ್ಕರಿಸಿದರು ಎಂದು ತಿಳಿಯಲು ಆ ಚರ್ಚೆಗಳ ಹೊರತು ಬೇರೆ ಆಧಾರ ಹೆಚ್ಚಿಲ್ಲ. ಇಂದಿನ ಭಾಷಾ ತಂತ್ರಜ್ಞಾನಕ್ಕೂ ಆಡುಮಾತಿಗೆ ಹತ್ತಿರವಾದ ಇಂಥ ಕನ್ನಡವೇ ಕೊರತೆಯಾಗಿರುವುದು. ಮರೆಯುವ ಹಕ್ಕು ಸಮಾಜಕ್ಕಿದೆ, ನಿಜ. ಸರ್ವರ್ ಬಾಡಿಗೆ ಕಟ್ಟದ್ದಕ್ಕೆ ಅಳಿದುಹೋಗುವುದನ್ನು ಸಮಾಜದ ನಿರ್ಧಾರ ಎನ್ನಲಾಗದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಅಂದು ಸಲುಗೆಯಲ್ಲಿ ಆಡಿದ ಮಾತು ಶಾಶ್ವತವಾಗಿ ಉಳಿಯಲೆಂದು ಜನ ಒಪ್ಪಿದ್ದರೇ? ಹದಿಹರೆಯದಲ್ಲಿ ಬರೆದದ್ದು ನಲವತ್ತರಲ್ಲಿ ಮುಜುಗರ ತರಬಹುದು, ಫೋನ್ ನಂಬರು, ಕಾಯಿಲೆ, ಕುಟುಂಬದ ಸಂಕಟ ಅದರಲ್ಲಿರಬಹುದು. ಈ ಆತಂಕವನ್ನು ಗೌರವಿಸದ ಸಂಗ್ರಹಕ್ಕೆ ನನ್ನ ಬೆಂಬಲವಿಲ್ಲ. ಆದರೆ ಇದಕ್ಕೆ ಪರಿಹಾರ ಪೂರ್ತಿ ಅಳಿಸುವುದೂ ಅಲ್ಲ, ಪೂರ್ತಿ ತೆರೆದಿಡುವುದೂ ಅಲ್ಲ. ಖಾಸಗಿ ಪತ್ರಗಳನ್ನೂ ಪಾಸ್‌ವರ್ಡುಗಳನ್ನೂ ಇಮೇಲ್ ವಿಳಾಸಗಳನ್ನೂ ಮೊದಲೇ ಬೇರ್ಪಡಿಸಿ ನಾಶ ಮಾಡಬೇಕು. ಎಲ್ಲರಿಗೂ ಕಾಣುವಂತೆ ಆಡಿದ ಮಾತನ್ನಷ್ಟೇ ಸಂಗ್ರಹಕ್ಕೆ ತೆಗೆದುಕೊಳ್ಳಬೇಕು. ಬರೆದವರು ಕೇಳಿದರೆ ಹೆಸರು ಮರೆಮಾಡುವ, ಮಾತನ್ನೇ ತೆಗೆಯುವ ವ್ಯವಸ್ಥೆ ಇರಬೇಕು. ಸೂಕ್ಷ್ಮವಾದದ್ದನ್ನು ಹಲವು ವರ್ಷ ಮುಚ್ಚಿಟ್ಟು ಸಂಶೋಧಕರಿಗೆ ಮಾತ್ರ ಕೊಡಬಹುದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಳಿಸುವಂತೆ ಕೇಳುವ ಹಕ್ಕನ್ನು ಕೊಟ್ಟಿದೆ. ಅದೇ ಕಾಯಿದೆ, ವ್ಯಕ್ತಿಯ ಬಗ್ಗೆ ಯಾವುದೇ ತೀರ್ಮಾನಕ್ಕೆ ಬಳಸದಿದ್ದರೆ, ನಿಗದಿತ ಮಾನದಂಡಗಳಿಗೆ ಒಳಪಟ್ಟು ಸಂಶೋಧನೆಗೂ ದಾಖಲೆ ಸಂಗ್ರಹಕ್ಕೂ ವಿನಾಯಿತಿ ಕೊಟ್ಟಿದೆ. ಎರಡೂ ಒಟ್ಟಿಗೆ ನಡೆಯಬಲ್ಲವು ಎಂಬುದು ಕಾನೂನಿನ ಅರಿವಿನಲ್ಲೇ ಇದೆ.

ಹಳೆಯ ಯಂತ್ರವನ್ನೇ ಇಟ್ಟುಕೊಳ್ಳೋಣ, ಇಲ್ಲವೇ ಹೊಸ ಯಂತ್ರದೊಳಗೆ ಹಳೆಯ ಯಂತ್ರವನ್ನು ಅನುಕರಿಸೋಣ ಎಂಬುದು ಮೂರನೆಯ ಮಾತು. ಆಟಗಳಿಗೆ, ಕಲಾಕೃತಿಗಳಿಗೆ ಅದು ಬೇಕು, ಅಲ್ಲಿ ಚಲನೆಯೇ ವಸ್ತು. ಪಠ್ಯಕ್ಕೆ ಅದು ದುಬಾರಿ ದಾರಿ. ಬಿಬಿಸಿ 1986ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಕೊಡುಗೆ ಸೇರಿಸಿ ಬ್ರಿಟನ್ನಿನ ಚಿತ್ರಣವನ್ನು ಲೇಸರ್ ಡಿಸ್ಕುಗಳಲ್ಲಿ ತುಂಬಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳೇ ಅಪರೂಪವಾಗಿ, ಪರಿಣತರ ತಂಡಗಳು ವರ್ಷಗಟ್ಟಲೆ ದುಡಿದು ಅದನ್ನು ಮರಳಿ ಪಡೆಯಬೇಕಾಯಿತು. ಆ ಯೋಜನೆಗೆ ಮಾದರಿಯಾದ 1086ರ ಡೂಮ್ಸ್‌ಡೇ ಪುಸ್ತಕವನ್ನು ಮಾತ್ರ ಇಂದಿಗೂ ಓದಬಹುದು. ಖರ್ಚಿನ ಮಾತಿಗೆ ಬಂದರೆ ಒಂದು ಲೆಕ್ಕ ಹಾಕಿ: ಒಂದು ಲಕ್ಷ ಮಾತುಗಳು, ಒಂದೊಂದರಲ್ಲಿ 500 ಸಂಕೇತಗಳು, ಸಂಕೇತಕ್ಕೆ ಮೂರು ಬೈಟು. ಒಟ್ಟು 15 ಕೋಟಿ ಬೈಟು, ಅಂದರೆ 150 ಮೆಗಾಬೈಟು. ಒಂದು ಇಡೀ ಸಮುದಾಯ ಹಲವು ವರ್ಷ ಆಡಿದ ಮಾತು ಫೋನಿನಲ್ಲಿ ತೆಗೆದ ಕೆಲವು ನಿಮಿಷದ ವಿಡಿಯೊಗಿಂತ ಕಡಿಮೆ ಜಾಗ ಹಿಡಿಯುತ್ತದೆ. ಜಾಗ ಸಾಲದೆ ಯಾವ ಚರ್ಚೆಯೂ ಅಳಿಯಲಿಲ್ಲ, ಗಮನ ಸಾಲದೆ ಅಳಿದವು.

ಹಾಗಾದರೆ ಇದು ಯಾರ ಹೊಣೆ? ಅಚ್ಚಾದ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಗೊತ್ತಾದ ಗ್ರಂಥಾಲಯಗಳಿಗೂ ಕೊಡಬೇಕೆಂದು 1954ರ ಕಾಯಿದೆ ಹೇಳುತ್ತದೆ. ಅದು ಪುಸ್ತಕ, ಪತ್ರಿಕೆಗಳ ಕಾಲದ ಕಾಯಿದೆ. ಬ್ರಿಟನ್ 2013ರಲ್ಲೇ ಡಿಜಿಟಲ್ ಪ್ರಕಟಣೆಗಳಿಗೂ ಇಂಥ ನಿಯಮ ತಂದಿತು. ನಮ್ಮಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 7ನೇ ಕಲಮು ಕಾನೂನಿನಂತೆ ಕಾಪಾಡಬೇಕಾದ ವಿದ್ಯುನ್ಮಾನ ದಾಖಲೆ ಮುಂದೆಯೂ ಓದಲು ಸಿಗುವಂತಿರಬೇಕು, ಎಲ್ಲಿಂದ ಎಲ್ಲಿಗೆ ಯಾವಾಗ ಹೋಯಿತೆಂಬ ವಿವರ ಅದರೊಂದಿಗಿರಬೇಕು ಎನ್ನುತ್ತದೆ. ಅಕ್ಷರದ ಜೊತೆಗೆ ನಂಟೂ ಉಳಿಯಬೇಕೆಂಬ ತತ್ವ ನಮ್ಮ ಕಾನೂನಿನಲ್ಲೇ ಇದೆ, ಅದನ್ನು ಜನರ ಮಾತಿಗೂ ವಿಸ್ತರಿಸಬೇಕು ಅಷ್ಟೆ. ಸೇವೆ ಮುಚ್ಚುವವರು ಕನಿಷ್ಠ ಆರು ತಿಂಗಳು ಮುಂಚೆ ತಿಳಿಸಬೇಕು. ಸಾರ್ವಜನಿಕ ಚರ್ಚೆಗಳನ್ನು ನಂಟು ಸಮೇತ ಸರಳ ಪಠ್ಯವಾಗಿ ಕೊಡಬೇಕು, ಜೊತೆಗೆ ಸಂಕೇತ ಕೋಷ್ಟಕವನ್ನೂ ಹಳೆಯ ಫಾಂಟನ್ನೂ ಇಡಬೇಕು. ಓದಲು ಮಾತ್ರ ಬರುವ ಸ್ಥಿರ ಪುಟಗಳಾಗಿ ಮಾಡಿಟ್ಟರೆ ಕನ್ನ ಹಾಕುವವರಿಗೆ ಡೇಟಾಬೇಸೂ ಇರುವುದಿಲ್ಲ, ಲಾಗಿನ್ನೂ ಇರುವುದಿಲ್ಲ, ಭದ್ರತೆಯ ಆಕ್ಷೇಪ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಬಿತ್ತನೆ ಬೀಜವನ್ನು ಒಂದೇ ಮನೆಯ ಕಣಜದಲ್ಲಿ ಇಡದೆ ನಾಲ್ಕು ಮನೆಯಲ್ಲಿ ಇಡುತ್ತಿದ್ದ ರೈತರ ವಿವೇಕ ಇಲ್ಲಿಗೂ ಹೊಂದುತ್ತದೆ. ಒಂದು ಪ್ರತಿ ವಿಶ್ವವಿದ್ಯಾಲಯದಲ್ಲಿ, ಒಂದು ಇಂಟರ್ನೆಟ್ ಆರ್ಕೈವ್‌ನಲ್ಲಿ, ಒಂದು ಸಮುದಾಯದವರ ಕೈಯಲ್ಲಿ ಇರಲಿ. ಪ್ರತಿ ಕಡತಕ್ಕೂ ಪರೀಕ್ಷಾಂಕವೊಂದನ್ನು ಲೆಕ್ಕಹಾಕಿ ಬರೆದಿಟ್ಟರೆ, ವರ್ಷಗಳ ನಂತರ ಒಂದು ಬೈಟು ಬದಲಾಗಿದ್ದರೂ ಗೊತ್ತಾಗುತ್ತದೆ.

ಈ ಕೆಲಸಕ್ಕೆ ಬೇಕಾದ ಜಾಣ್ಮೆಗೆ ನಮ್ಮಲ್ಲಿ ಬರವಿಲ್ಲ. ಕಾಡುಗೋಡಿಯಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸಾವಿರಾರು ಎಂಜಿನಿಯರುಗಳು ಬ್ಯಾಂಕು, ಆಸ್ಪತ್ರೆ, ವಿಮಾನ ಕಂಪನಿಗಳ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದತ್ತಾಂಶ ಸಾಗಿಸುವ ಕೆಲಸವನ್ನೇ ದಿನವೂ ಮಾಡುತ್ತಾರೆ. ಒಂದು ರೂಪಾಯಿಯ ವ್ಯವಹಾರವೂ ದಾರಿಯಲ್ಲಿ ಬಿದ್ದುಹೋಗದಂತೆ ಸಾಲು ಸಾಲು ತಾಳೆ ನೋಡುತ್ತಾರೆ. ಅದೇ ಶಿಸ್ತಿನಲ್ಲಿ ಕಾಲು ಭಾಗವನ್ನು ಕನ್ನಡಿಗರ ಮಾತಿಗೆ ಕೊಟ್ಟರೆ ಸಾಕು. ನೀವು ನಡೆಸುವ ಅಥವಾ ನಿಮ್ಮ ಗೆಳೆಯರು ನಡೆಸುತ್ತಿರುವ ಸಮುದಾಯದ ತಂತ್ರಾಂಶ ಯಾವ ಆವೃತ್ತಿಯದು, ಅದರ ಬೆಂಬಲ ಎಂದು ಮುಗಿಯುತ್ತದೆ ಎಂದು ಈ ವಾರವೇ ವಿಚಾರಿಸಿ. ಡೇಟಾಬೇಸಿನ ಪೂರ್ಣ ನಕಲು ತೆಗೆಸಿ, ಅದರಲ್ಲಿ ಒತ್ತಕ್ಷರ ತುಂಬಿದ ಒಂದು ಕನ್ನಡ ಚರ್ಚೆಯನ್ನು ಆರಿಸಿ, ಮೊದಲ ಪ್ರಶ್ನೆಯಿಂದ ಕೊನೆಯ ಉತ್ತರದವರೆಗೆ ಓದಿ ನೋಡಿ. ಅಕ್ಷರ ಸರಿಯಿದೆಯೆ, ಯಾರು ಯಾರಿಗೆ ಉತ್ತರಿಸಿದರೆಂದು ತಿಳಿಯುತ್ತದೆಯೆ? ಎರಡಕ್ಕೂ ಹೌದು ಎಂಬ ಉತ್ತರ ಸಿಕ್ಕ ಮೇಲೆ ಹಳೆಯ ತಂತ್ರಾಂಶವನ್ನು ನಿಶ್ಚಿಂತೆಯಿಂದ ಮುಚ್ಚಿ. ಅಲ್ಲಿಯವರೆಗೆ ದಯವಿಟ್ಟು ಮುಚ್ಚಬೇಡಿ.